ನೊವೆಲ್ಲಾ ಅಂದರೆ ಚಿಕ್ಕ ಕಾದಂಬರಿ ಅಷ್ಟೇನಾ?

ಪ್ರಶ್ನೆ: ನೊವೆಲ್ಲಾ ಅನ್ನುವ ಹೆಸರು ಎಲ್ಲಿಂದ ಬಂತು? ಪುಟ ಕಡಿಮೆಯಿದ್ದರೆ ಸಾಕಾ?

ಉತ್ತರ: ಸಾಲದು. ಅದು ಇಟಾಲಿಯನ್ ಪದ, ಹೊಸದು, ಹೊಸ ಸುದ್ದಿ ಅಂತ ಅರ್ಥ. ಊರಿಂದ ಬಂದವರನ್ನು ‘ಏನ್ರೀ ಹೊಸ ಸಮಾಚಾರ’ ಅಂತ ಕೇಳ್ತೀವಲ್ವಾ, ಆ ಕುತೂಹಲವೇ ಈ ಪದದೊಳಗಿದೆ. 1348ರಲ್ಲಿ ಫ್ಲಾರೆನ್ಸ್‌ಗೆ ಪ್ಲೇಗ್ ಬಡಿಯಿತು. ಅದನ್ನೇ ಹಿನ್ನೆಲೆಯಾಗಿಟ್ಟುಕೊಂಡು ಇಟಲಿಯ ಲೇಖಕ ಬೊಕಾಚಿಯೊ ‘ಡೆಕಾಮೆರಾನ್’ ಬರೆದ: ಊರು ಬಿಟ್ಟು ಹೋದ ಏಳು ಹೆಂಗಸರು, ಮೂವರು ಗಂಡಸರು, ಹತ್ತು ದಿನ ದಿನಕ್ಕೊಂದರಂತೆ ಒಬ್ಬೊಬ್ಬರೂ ಹೇಳಿದ 100 ಕಥೆಗಳು. ಅವೇ ನೊವೆಲ್ಲಾಗಳು. ಎಷ್ಟೋ ಕಥೆ ಕೆಲವೇ ಪುಟದವು, ಇವತ್ತಿನ ಲೆಕ್ಕದಲ್ಲಿ ಸಣ್ಣಕಥೆಗಳೇ. ಉದ್ದ ಆಮೇಲೆ ಬಂತು.

ಜರ್ಮನ್ನರಿಗೆ ಈ ಪ್ರಕಾರದ ಮೇಲೆ ಪ್ರೀತಿ ಜಾಸ್ತಿ. ಅವರ ಮಹಾಕವಿ ಗಯಟೆ 1827ರಲ್ಲಿ ತನ್ನ ಒಡನಾಡಿ ಎಕರ್‌ಮನ್ ಜೊತೆ ಮಾತಾಡುತ್ತಾ ಇದರ ತಿರುಳನ್ನೇ ಹಿಡಿದ: ಹಿಂದೆಂದೂ ಕೇಳಿರದ, ಆದರೆ ನಡೆದುಹೋದ ಒಂದು ಘಟನೆ. ಆ ‘ಒಂದು’ ಅನ್ನುವುದೇ ಮುಖ್ಯ ಅಂತ ನನಗನಿಸುತ್ತದೆ. ಕಾದಂಬರಿಯಲ್ಲಿ ನಾಲ್ಕಾರು ದಾರಿ ಹಿಡಿದು ಅಲೆಯಬಹುದು, ಇಲ್ಲಿ ಹಾಗೆ ಸುಮ್ನೆ ಅತ್ತಿತ್ತ ಹೋಗುವ ಹಾಗಿಲ್ಲ.

ಕನ್ನಡದಲ್ಲಿ ನೀಳ್ಗತೆ, ಕಿರುಕಾದಂಬರಿ ಎರಡೂ ಬಳಕೆಯಲ್ಲಿವೆ. ನನಗೆ ನೀಳ್ಗತೆಯೇ ಇಷ್ಟ, ಅದರಲ್ಲಿ ‘ಕತೆ’ ಉಳಿದುಕೊಂಡಿದೆ.