ತೊಟ್ಟಿಯ ಒಳಗನ್ನು ಅಳೆಯಿರಿ ಮಾರಾಯ್ರೇ

ಪ್ರಶ್ನೆ: ಮಳೆನೀರು ಹಿಡಿಯಲು ಅಂಗಳದಲ್ಲಿ ಸಿಮೆಂಟ್ ರಿಂಗ್ ಜೋಡಿಸಿ ತೊಟ್ಟಿ ಮಾಡಿಸಿದ್ದೇವೆ. ಸುತ್ತಳತೆ 11 ಅಡಿ, ಆಳ 10 ಅಡಿ, ರಿಂಗಿನ ದಪ್ಪ 3 ಇಂಚು. ಮೇಲಿನಿಂದ 1 ಅಡಿ ಕೆಳಗೆ ಓವರ್‌ಫ್ಲೋ ಪೈಪಿದೆ. 2,700 ಲೀಟರ್ ಹಿಡಿಯುತ್ತದೆ ಎಂದರು ಮೇಸ್ತ್ರಿ. ತೊಟ್ಟಿ ತುಂಬಿದ್ದಾಗ ಮೋಟಾರು ಹಾಕಿದರೂ ಮಹಡಿ ಮೇಲಿನ 1,000 ಲೀಟರಿನ ಟ್ಯಾಂಕ್ ಎರಡು ಸಲ ತುಂಬುವುದಿಲ್ಲ. ತಳದಲ್ಲಿ ಸೋರುತ್ತಿರಬಹುದೇ?

ಉತ್ತರ: ಸೋರಿದರೆ ತಾನೇ! ಆ ನೀರು ತೊಟ್ಟಿಯಲ್ಲಿ ಇರಲೇ ಇಲ್ಲ. ಮಳೆಗಾಲ ಬಂತೆಂದರೆ ಇಂಥ ಪತ್ರಗಳು ಶುರು, ತಪ್ಪೂ ಪ್ರತಿಸಲ ಒಂದೇ: ಟೇಪು ಸುತ್ತುವುದು ಹೊರಗೆ, ನೀರು ಎಣಿಸುವುದು ಒಳಗೆ.

11 ಅಡಿಯನ್ನು 7ರಿಂದ ಗುಣಿಸಿ 22ರಿಂದ ಭಾಗಿಸಿದರೆ ವ್ಯಾಸ ಮೂರೂವರೆ ಅಡಿ. ಇದರಲ್ಲಿ ಗೋಡೆಯೂ ಸೇರಿದೆ. ಎರಡೂ ಬದಿಯ 3 ಇಂಚು ಕಳೆದರೆ ನೀರಿಗೆ ಸಿಗುವುದು 3 ಅಡಿ. ಅರ್ಧ ಅಡಿ ತಾನೇ ಎನ್ನಬೇಡಿ, ಲೆಕ್ಕದಲ್ಲಿ ವ್ಯಾಸದ ವರ್ಗ ಬರುತ್ತದೆ. ಮೂರೂವರೆಯ ವರ್ಗ 12.25, ಮೂರರದ್ದು ಬರೀ 9. ಅದನ್ನು 0.7854ರಿಂದ (ಪೈಯ ಕಾಲು ಭಾಗ), ಆಮೇಲೆ 10 ಅಡಿ ಆಳದಿಂದ ಗುಣಿಸಿ. ಮೇಸ್ತ್ರಿಗೆ 96 ಘನ ಅಡಿ ಬಂದಿತ್ತು, ನಿಮಗೆ 70.7 ಬರುತ್ತದೆ. ಘನ ಅಡಿಗೆ 28.3 ಲೀಟರಿನಂತೆ 2,000 ಲೀಟರ್. ಅದೂ ಪೂರ್ತಿ ಕೈಗೆ ಸಿಗದು. ಓವರ್‌ಫ್ಲೋ ಪೈಪಿನ ಮೇಲೆ ನೀರು ನಿಲ್ಲುವುದಿಲ್ಲವಾದ್ದರಿಂದ 9 ಅಡಿಗೆ 1,800. ಮೋಟಾರು ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಟುಕದೆ ತಳದಲ್ಲಿ ಅರ್ಧ ಅಡಿ ಉಳಿದರೆ ಇನ್ನೂ 100 ಹೋಯಿತು. 2,700 ಎಲ್ಲಿ, 1,700 ಎಲ್ಲಿ! ಹೊಸ ತೊಟ್ಟಿಯನ್ನು ಒಡೆಸಲು ಹೊರಟಿದ್ದರೆ ನಿಲ್ಲಿಸಿ.

ಆಳ ಅಳೆಯಲು ಮುಚ್ಚಿದ ತೊಟ್ಟಿಯೊಳಗೆ ಇಳಿಯಬೇಡಿ, ಬೇರೆಯವರನ್ನೂ ಇಳಿಸಬೇಡಿ. ಆಮ್ಲಜನಕ ಸಾಲದೆ ಹೀಗೆ ಸತ್ತವರಿದ್ದಾರೆ, ಎತ್ತಲು ಹೋದವರೂ ಸತ್ತಿದ್ದಾರೆ. ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಡಿ, ಸಾಕು.

ಪ್ರಶ್ನೆ: 2,000 ಲೀಟರಿನ ತೊಟ್ಟಿ ಬೇಕು. ವ್ಯಾಸ, ಆಳ ಎರಡನ್ನೂ ತಿಳಿಸಿ.

ಉತ್ತರ: ಒಂದು ಅಂಕಿ ಕೊಟ್ಟು ಎರಡು ಕೇಳಿದರೆ ಎಲ್ಲಿಂದ ತರಲಿ? ವ್ಯಾಸ 3 ಅಡಿಯಾದರೆ ಆಳ 10, 4 ಅಡಿಯಾದರೆ ಸುಮಾರು 5.6. ಜಾಗ ನೋಡಿ ಒಂದನ್ನು ನೀವು ಹೇಳಿ.

ಪ್ರಶ್ನೆ: ವ್ಯಾಸ ದುಪ್ಪಟ್ಟಾದರೆ ನೀರೂ ದುಪ್ಪಟ್ಟು ತಾನೇ?

ಉತ್ತರ: ನಾಲ್ಕು ಪಟ್ಟು.

ಪ್ರಶ್ನೆ: ಪೈ ಬೆಲೆ 22/7 ಹಿಡಿಯಬೇಕೋ, 3.1416 ಹಿಡಿಯಬೇಕೋ?

ಉತ್ತರ: 2,000 ಲೀಟರಿಗೆ ಒಂದು ಲೀಟರಿನಷ್ಟೂ ವ್ಯತ್ಯಾಸವಿಲ್ಲ. ಬರೀ 3 ಹಿಡಿದು ಲೆಕ್ಕ ಮುಗಿಸುವವರನ್ನು ಮಾತ್ರ ನಂಬಬೇಡಿ, 90 ಲೀಟರ್ ತಪ್ಪುತ್ತದೆ. 3.1416 ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಕೊಟ್ಟಿದ್ದಾನೆ.

ಪ್ರಶ್ನೆ: ಅಡ್ಡ ಮಲಗಿಸಿದ ಡ್ರಮ್ಮಿನಲ್ಲಿ ಕಾಲು ಎತ್ತರಕ್ಕೆ ನೀರಿದೆ. ಕಾಲು ಭಾಗ ಎಂದು ಹಿಡಿಯಬಹುದೇ?

ಉತ್ತರ: ಇಲ್ಲ. ನೂರಕ್ಕೆ 20ಕ್ಕಿಂತ ತುಸು ಕಡಿಮೆ.

ಪ್ರಶ್ನೆ: ವಾಸ್ತು ಪ್ರಕಾರ ತೊಟ್ಟಿಗೆ ಶುಭವಾದ ವ್ಯಾಸ ಯಾವುದು?

ಉತ್ತರ: ನಿಮ್ಮೂರಿನ ರಿಂಗ್ ಮಾಡುವವರ ಹತ್ತಿರ ಯಾವ ಅಚ್ಚು ಇದೆಯೋ ಅದು.