ಹಾಸಿಗೆ ಹಿಡಿದ ಅಮ್ಮನ ಮೇಲೆ ಸಿಟ್ಟು ಬರುತ್ತೆ, ನಾನು ಕೆಟ್ಟವಳಾ?

ಅಮ್ಮನಿಗೆ ಸ್ಟ್ರೋಕ್ ಆಗಿ 6 ತಿಂಗಳಾಯಿತು, ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ, ಒಮ್ಮೊಮ್ಮೆ ಅವರ ಮೇಲೇ ರೇಗಿಬಿಡುತ್ತೇನೆ ಅಂತ ಬರೆದಿದ್ದೀರಿ. ನೀವು ಕೆಟ್ಟವರಲ್ಲ, ನಿದ್ದೆಗೆಟ್ಟವರು.

ನಾನು ಅಪ್ಪನನ್ನು 3 ವರ್ಷ ನೋಡಿಕೊಂಡೆ. ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಬಲಗಡೆ ಪೂರ್ತಿ ಬಿದ್ದುಹೋಗಿ ಮಾತೂ ನಿಂತಿತ್ತು. ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ಹಿಡಿದು ಮಂಚಕ್ಕೆ ಕುಟ್ಟುತ್ತಿದ್ದರು. ಒಂದು ರಾತ್ರಿ ನಾಲ್ಕನೇ ಸಲ ಕುಟ್ಟಿದಾಗ "ಸಾಕು ಮಾಡಪ್ಪಾ!" ಅಂತ ಕೂಗಿಬಿಟ್ಟೆ. ಆಮೇಲೆ ಕುಟ್ಟಲಿಲ್ಲ. ಬೆಳಿಗ್ಗೆ ನೋಡಿದರೆ ಹಾಸಿಗೆಯೆಲ್ಲ ಒದ್ದೆ, ಅವರು ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಇದನ್ನು ಮನೆಯಲ್ಲಿ ಇವತ್ತಿಗೂ ಯಾರಿಗೂ ಹೇಳಿಲ್ಲ.

ಅದಕ್ಕೇ ಮೊದಲು ರಾತ್ರಿಗೆ ಜನ ಹುಡುಕಿ. ನಾವು ಇದ್ದಬದ್ದ ದುಡ್ಡನ್ನೆಲ್ಲ ಹಗಲಿನ ಆಯಾಗೆ ಸುರಿದೆವು, ಅದು ತಪ್ಪಾಯಿತು. ಪುಣೆಯಲ್ಲಿರುವ ಅಕ್ಕ ದಿನಾ ಫೋನ್ ಮಾಡಿ ಅದು ಕೊಡು, ಇದು ಕೊಡು ಅನ್ನುತ್ತಿದ್ದಳು. ಸುಮ್ನೆ "ಸಹಾಯ ಮಾಡೇ" ಅಂದಾಗ ಏನೂ ಆಗಲಿಲ್ಲ, "ತಿಂಗಳಿಗೆ 8 ರಾತ್ರಿ ಆಯಾ ಸಂಬಳ ನಿನ್ನದು" ಅಂದಾಗ ಮರುಮಾತಿಲ್ಲದೆ ಕಳಿಸಿದಳು. ಕಾಫಿ ಕುಡಿದು "ಪುಣ್ಯ ಕಟ್ಕೊಳ್ತಾ ಇದ್ದೀಯಪ್ಪ" ಅಂತ ಎದ್ದು ಹೋಗುವ ನೆಂಟರನ್ನೂ ಬಿಡಬೇಡಿ, ಒಂದು ಗಂಟೆ ಅಮ್ಮನ ಹತ್ತಿರ ಕೂರಿಸಿ ನೀವು ಮಲಗಿ.

ಇನ್ನು ಮಲಗಿದಲ್ಲೇ ಮಲಗಿ ಆಗುವ ಹುಣ್ಣು. ಏರ್ ಬೆಡ್ ಬಂತಲ್ಲ ಅಂತ ನಾನು ಮಗ್ಗುಲು ಬದಲಿಸುವುದನ್ನೇ ಬಿಟ್ಟೆ. ಸೊಂಟದ ಕೆಳಗೆ ಹುಣ್ಣಾಗಿ, ಮಾಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಏರ್ ಬೆಡ್ ಇದ್ದರೂ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ತಿರುಗಿಸಲೇಬೇಕು, ರಾತ್ರಿಯೂ ಸೇರಿ. ರಾತ್ರಿಗೆ ಜನ ಬೇಕು ಅಂದಿದ್ದು ಇದಕ್ಕೂ ಸೇರಿಸಿಯೇ. ದಿನಾ ಹಿಮ್ಮಡಿ, ಸೊಂಟ ನೋಡಿ. ಎಲ್ಲಾದರೂ ಕೆಂಪಾಗಿದ್ದರೆ ಉಜ್ಜಬೇಡಿ, ಆ ಜಾಗಕ್ಕೆ ಭಾರ ಬೀಳದಂತೆ ಮಲಗಿಸಿ, ನರ್ಸಿಗೆ ತೋರಿಸಿ. ಊಟ ಕೂರಿಸಿಯೇ ಕೊಡಿ, ಆಮೇಲೂ ಅರ್ಧ ಗಂಟೆ ಕೂತಿರಲಿ. ನೀರು ಕುಡಿದಾಗೆಲ್ಲ ಕೆಮ್ಮುತ್ತಿದ್ದರೆ ಡಾಕ್ಟರಿಗೆ ಹೇಳಿ, ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು.

ತೀರಾ ಆಗುತ್ತಿಲ್ಲ ಅನ್ನಿಸಿದ ದಿನ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಆ ಚಮಚದ ವಿಷಯ ನಾನು ಮೊದಲು ಬಾಯಿಬಿಟ್ಟಿದ್ದು ಅಲ್ಲಿ, ಮುಖವೇ ನೋಡದ ಒಬ್ಬ ಹೆಣ್ಣುಮಗಳ ಹತ್ತಿರ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ, "ನಿನ್ನೆ ಎಷ್ಟು ಹೊತ್ತು ಮಲಗಿದ್ರಿ ಸರ್?"