‘ಇಫ್’ ಇಲ್ಲದ ‘ವುಡ್’

ಪ್ರಶ್ನೆ: ನಾನು ವಿಜಯಪುರದಲ್ಲಿ ಪ್ರವಾಸಿ ಮಾರ್ಗದರ್ಶಿ. ಗೋಳಗುಮ್ಮಟಕ್ಕೆ ಯಾವಾಗ ಹೋಗುವುದು ಒಳ್ಳೆಯದು ಎಂದು ವಿದೇಶಿ ಪ್ರವಾಸಿಯೊಬ್ಬರು ಕೇಳಿದಾಗ, ಹಿಂದಿನ ದಿನವೇ ಅದನ್ನು ನೋಡಿ ಬಂದಿದ್ದ ಅವರ ಸಂಗಡಿಗರು ‘ಐ ವುಡ್ ಗೋ ಅರ್ಲಿ’ ಎಂದರು. ಅವರೂ ಮತ್ತೆ ಹೋಗುತ್ತಾರೆಂದು ತಿಳಿದು ಇಬ್ಬರಿಗೂ ಆಟೊ ಗೊತ್ತು ಮಾಡಿದೆ; ಅವರು ಬರಲೇ ಇಲ್ಲ. ‘ಇಫ್’ ಇಲ್ಲದೆ ‘ವುಡ್’ ಬರಬಹುದೇ?

ಉತ್ತರ: ಬರಬಹುದು, ಆಡುವ ಇಂಗ್ಲಿಷಿನಲ್ಲಿ ಅದು ತೀರಾ ಸಹಜ. ಆ ಸಂಗಡಿಗರು ಹೇಳಿದ್ದು ತಮ್ಮ ಯೋಜನೆಯನ್ನಲ್ಲ, ಸಲಹೆಯನ್ನು. ‘ಇಫ್ ಐ ವರ್ ಯು’, ಅಂದರೆ ‘ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ’ ಎಂಬ ಭಾಗ ಕೇಳಿದವರಿಗೆ ತಾನಾಗಿಯೇ ಹೊಳೆಯುವುದರಿಂದ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಜನ ಸೇರಿದ ಮೇಲೆ ಗುಮ್ಮಟದೊಳಗಿನ ಪಿಸುಮಾತಿನ ಗ್ಯಾಲರಿಯಲ್ಲಿ ಪ್ರತಿಧ್ವನಿಗಳು ಒಂದರೊಳಗೊಂದು ಕಲಸಿಹೋಗುತ್ತವೆ ಎಂಬುದು ನಿಮಗೇ ಗೊತ್ತಿರುವುದರಿಂದ, ಆ ಸಲಹೆಯ ಕಾರಣವನ್ನು ನಾನು ವಿವರಿಸಬೇಕಿಲ್ಲ. ಸ್ವತಃ ಹೊರಡುವವರಾಗಿದ್ದರೆ ‘ಐ ಆಮ್ ಗೋಯಿಂಗ್ ಅರ್ಲಿ’ ಎನ್ನುತ್ತಿದ್ದರು.

ಶಾಲೆಯಲ್ಲಿ ‘ಇಫ್’ ಮತ್ತು ‘ವುಡ್’ಗಳನ್ನು ಜೋಡಿಯಾಗಿಯೇ ಕಲಿಸುವುದರಿಂದ ಈ ಗೊಂದಲ ಹುಟ್ಟುತ್ತದೆ; ಆದರೆ ನಮ್ಮ ಮಾತೇ ಇದಕ್ಕೆ ಒಳ್ಳೆಯ ಪಾಠ. ಊರಿಗೆ ಬಂದಿಳಿದ ಗೆಳೆಯನಿಗೆ ‘ಒಂದು ಫೋನ್ ಮಾಡಬಾರದಿತ್ತೇ? ಸ್ಟೇಷನ್ನಿಗೆ ಬರುತ್ತಿದ್ದೆ’ ಎನ್ನುತ್ತೇವೆ. ‘ಮಾಡಿದ್ದರೆ’ ಎಂಬ ಮಾತು ಅಲ್ಲಿಲ್ಲ, ಆದರೂ ಯಾರೂ ತಪ್ಪು ತಿಳಿಯುವುದಿಲ್ಲ. ಇದೇ ‘ಬರುತ್ತಿದ್ದೆ’ ಹಳೆಯ ರೂಢಿಯನ್ನೂ ಹೇಳುತ್ತದೆ: ‘ಚಿಕ್ಕವನಿದ್ದಾಗ ಪ್ರತಿ ಭಾನುವಾರ ಇಲ್ಲಿಗೆ ಬರುತ್ತಿದ್ದೆ.’ ‘ವುಡ್’ಗೂ ಈ ಎರಡು ಮುಖಗಳಿವೆ. ಆದರೆ ಕನ್ನಡ ಒಂದೇ ರೂಪದಲ್ಲಿ ನಿಭಾಯಿಸುವುದನ್ನು ಇಂಗ್ಲಿಷ್ ಬೇರ್ಪಡಿಸುತ್ತದೆ: ರೂಢಿಗೆ ‘ವುಡ್ ಕಮ್’, ನಡೆಯದೆ ಹೋದದ್ದಕ್ಕೆ ‘ವುಡ್ ಹ್ಯಾವ್ ಕಮ್’. ಗೆಳೆಯನಿಗೆ ಹೇಳುವಾಗ ಆ ‘ಹ್ಯಾವ್’ ಬಿಟ್ಟುಹೋದರೆ ಅರ್ಥವೇ ಕೆಡುತ್ತದೆ. ಕನ್ನಡಿಗರು ಇಲ್ಲಿ ಸುಲಭವಾಗಿ ಎಡವುತ್ತಾರೆ, ಆದ್ದರಿಂದ ಇದನ್ನು ಬಾಯಲ್ಲಿ ಹೇಳಿ ಹೇಳಿ ರೂಢಿಸಿಕೊಳ್ಳಿ.

ಷರತ್ತು ಕೆಲವೊಮ್ಮೆ ನಾಮಪದದಲ್ಲೂ ಅಡಗಿರುತ್ತದೆ. ‘ಎ ಲೋಕಲ್ ಡ್ರೈವರ್ ವುಡ್ ನೋ’ ಎಂದರೆ, ಸ್ಥಳೀಯ ಚಾಲಕನಾಗಿದ್ದರೆ ಅವನಿಗೆ ತಿಳಿದಿರುತ್ತಿತ್ತು ಎಂದರ್ಥ.

ನಿಮ್ಮ ವೃತ್ತಿಗೆ ಇನ್ನೊಂದು ಬಳಕೆ ಮುಖ್ಯ. ರೊಟ್ಟಿ ಊಟಕ್ಕೆ ಕರೆದಾಗ ‘ದಟ್ ವುಡ್ ಬಿ ಲವ್ಲಿ’ ಎಂದರೆ ಸಾಮಾನ್ಯವಾಗಿ ಒಪ್ಪಿಗೆ; ‘ಐ ವುಡ್ ಲವ್ ಟು, ಬಟ್’ ಎಂದು ಶುರುವಾದರೆ ಅದು ಸೌಜನ್ಯದ ನಿರಾಕರಣೆ, ಎರಡನೆಯ ಬಾರಿ ಒತ್ತಾಯಿಸಬೇಡಿ. ಮಾತು ಸಲಹೆಯೋ ಯೋಜನೆಯೋ ತಿಳಿಯದಿದ್ದಾಗ, ಆಟೊ ಗೊತ್ತು ಮಾಡುವ ಮೊದಲು ‘ಆರ್ ಯು ಕಮಿಂಗ್ ಟೂ?’ ಎಂದು ಕೇಳಿಬಿಡಿ.